ನಾಲ್ಕನೆಯ ಹಿಡಿಕೆ

ಅಮ್ಮನ ಶವಪೆಟ್ಟಿಗೆಯ ಮೂರು ಹಿಡಿಕೆ ಹಿಡಿದು ಮೂವರು ಎತ್ತಿದರು. ನಾಲ್ಕನೆಯ ಮೂಲೆ ಕುಸಿದು ನೆಲಕ್ಕೆ ಬಡಿಯಿತು. ಮಗಳು ಬೀದಿಯ ಎರಡೂ ಬದಿ ನೋಡಿದಳು.

“ಇನ್ನೊಬ್ಬರು ಬೇಕಲ್ಲಮ್ಮ,” ಎಂದರು ಪಾದ್ರಿ, ಬಾಯಿಗೆ ಕಟ್ಟಿದ ಬಟ್ಟೆಯೊಳಗಿಂದ. ಅವರ ಜೊತೆಗಿದ್ದವರು ಗುಂಡಿ ತೋಡುವವನು ಮತ್ತು ಮಗಳ ಗಂಡ, ಅಷ್ಟೇ.

ಬೀದಿಯ ಕಿಟಕಿಗಳೆಲ್ಲ ಮುಚ್ಚಿದ್ದವು. ಯಾರನ್ನು ದೂರುವುದು? ಆಸ್ಪತ್ರೆಯ ಅಂಟುಜ್ವರದ ವಾರ್ಡಿನಲ್ಲಿ ಆಯಾ ಆಗಿದ್ದ ಅಮ್ಮ ಜ್ವರಕ್ಕೇ ತುತ್ತಾಗಿದ್ದಳು. ಅವಳ ಹೊದಿಕೆ ಒಗೆದ ಮಗಳಿಗೆ ಬೆಳಗ್ಗೆಯಿಂದ ಗಂಟಲು ಕೆರೆಯುತ್ತಿತ್ತು. ಅಳುವೋ ಜ್ವರವೋ ತಿಳಿಯದೆ ಉಗುಳು ನುಂಗಲೂ ಹೆದರುತ್ತಿದ್ದಳು.

ಮೂಲೆಯ ಬೇಕರಿಯವನು ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡೇ ಹೊರಬಂದ. ಹಿಂದಿನಿಂದ ಅವನ ತಾಯಿ ಕೂಗಿದಳು: “ಹೋಗ್ಬೇಡ ಕಣೋ! ಮನೇಲಿ ಮಕ್ಕಳಿದಾವೆ!”

“ಗೊತ್ತು ಕಣಮ್ಮ,” ಎಂದ, ತಿರುಗದೆ. ಅಂಗೈಯ ಹಿಟ್ಟನ್ನು ಒರೆಸಿಕೊಂಡು ಹಿಡಿಕೆಗೆ ಕೈ ಹಾಕಿದ. “ನಂಗೂ ಜೀವ ಬಾಯಿಗೆ ಬಂದಿದೆ, ತಂಗಿ. ಆದ್ರೆ ನನ್ನ ಹೆಂಡ್ತಿ ಆ ವಾರ್ಡಲ್ಲಿದ್ದಾಗ ನಾನು ಗೇಟು ದಾಟ್ಲಿಲ್ಲ. ನಿಮ್ಮಮ್ಮನೇ ಅವಳನ್ನ ತೊಡೆ ಮೇಲೆ ಮಲಗಿಸ್ಕೊಂಡಿದ್ದು. ಕಡೇ ಉಸಿರಿನವರೆಗೂ.”

* * *

ಜ್ವರ ಊರಿಗೆ ಕಾಲಿಟ್ಟ ವಾರ. ಸಂಜೆಯ ಪ್ರಾರ್ಥನೆಯಲ್ಲಿ ಮಗಳು ಕಣ್ಣು ಬಿಗಿಯಾಗಿ ಮುಚ್ಚಿ ಬೇಡಿದ್ದಳು: “ದೇವರೇ, ಈ ಜ್ವರ ನನ್ನ ಮನೆ ಹೊಸಿಲು ತುಳಿಯದ ಹಾಗೆ ಮಾಡಪ್ಪಾ. ನನ್ನ ಅಮ್ಮನ್ನ ಕಾಪಾಡು.”

ಅಮ್ಮ ಮೊಣಕೈಯಿಂದ ತಿವಿದಳು. “ಯೇಸು ಕಲಿಸಿದ ಪ್ರಾರ್ಥನೇಲಿ ‘ನನ್ನ’ ಅನ್ನೋ ಮಾತು ಎಲ್ಲಾದ್ರೂ ಇದೆಯೇನೇ? ‘ನಮ್ಮ’ ಅನ್ನು.”

“ಊರೋರನ್ನೆಲ್ಲ ಸೇರಿಸಿದ್ರೆ ನಮ್ಮ ಪಾಲಿಗೆ ಏನುಳಿಯುತ್ತೆ?”

“ದೇವರೇನು ರೇಷನ್ ಅಂಗಡಿ ಇಟ್ಟಿದಾನಾ?” ಅಮ್ಮ ನಕ್ಕು ಮಗಳ ಕೈ ಹಿಡಿದಳು. ಅವಳ ಅಂಗೈ ತಣ್ಣಗೆ ಬೆವತಿತ್ತು. “ನಂಗೆ ಭಯ ಇಲ್ಲ ಅಂದ್ಕೊಂಡಿದೀಯಾ? ವಾರ್ಡಿನ ಬಾಗಿಲ ಹತ್ರ ದಿನಾ ಕಾಲು ಕೀಳೋಕೇ ಆಗಲ್ಲ. ಒಳಗಿರೋರು ನನಗಿಂತ ಹೆದರಿರ್ತಾರಲ್ಲ ಅಂತ ಹೋಗ್ತೀನಿ.”

* * *

ಗುಂಡಿಯ ಬಳಿ ಪಾದ್ರಿ ಅದೇ ಪ್ರಾರ್ಥನೆ ಶುರುಮಾಡಿದರು. ಮಗಳ ನಾಲಿಗೆ ‘ನಮ್ಮ’ ಎಂಬಲ್ಲಿ ಹೊರಳಲಿಲ್ಲ. ಆ ಮಾತೇ ಅಮ್ಮನನ್ನು ನುಂಗಿತಲ್ಲ ಎಂಬ ಸಿಟ್ಟು. ಅಷ್ಟರಲ್ಲಿ ಸ್ಮಶಾನದ ಗೋಡೆಯಾಚೆ ದನಿಗಳು ಕೇಳಿದವು. ಬೀದಿಯವರು ಮಾರು ಮಾರು ದೂರ ನಿಂತು, ಬಾಯಿಗೆ ಬಟ್ಟೆ ಒತ್ತಿಕೊಂಡು, ಜೊತೆಗೆ ಹೇಳುತ್ತಿದ್ದರು. ಬೇಕರಿಯವನ ತಾಯಿಯೂ ಇದ್ದಳು.

ಮರಳುವಾಗ ಆ ತಾಯಿ ದೂರದಿಂದಲೇ ಕೂಗಿದಳು: “ನಿಮ್ಮ ಪಕ್ಕದ ದರ್ಜಿಯಮ್ಮ ನಿನ್ನೆಯಿಂದ ಹೊರಗೆ ಬಂದಿಲ್ಲ ಕಣಮ್ಮ. ನೀರು ನೀರು ಅಂತಿದಾಳಂತೆ.”

“ನೀನು ಹೋಗ್ಬೇಡ,” ಎಂದ ಗಂಡ.

ಹೋಗಬಾರದೆಂದೇ ಮಗಳು ಮನೆ ಸೇರಿ ಅಗುಳಿ ಹಾಕಿದಳು. ಗೋಡೆಯಾಚೆ ಕೆಮ್ಮು. ಕಿವಿ ಮುಚ್ಚಿಕೊಂಡರೂ ಕೆಮ್ಮು. ಕೊನೆಗೆ ಎದ್ದು ಲೋಟಕ್ಕೆ ನೀರು ತುಂಬಿಸಿದಳು.

“ಬಾಗಿಲ ಹತ್ರ ಆದ್ರೂ ನಿಂತಿರಿ,” ಎಂದಳು ಗಂಡನಿಗೆ. ಅವನು ಹಿಂದೆಯೇ ಬಂದ.

ದರ್ಜಿಯಮ್ಮ ಹೊಲಿಗೆ ಯಂತ್ರದ ಕೆಳಗೆ, ಬಟ್ಟೆಯ ತುಂಡುಗಳ ಮೇಲೆ ಮುದುಡಿದ್ದಳು. ಮಗಳು ಕುಕ್ಕರಿಸಿ ಅವಳ ತಲೆ ಎತ್ತಿದಳು. ಲೋಟ ಗಡಗಡ ನಡುಗಿ ನೀರು ಇಬ್ಬರ ಮೈಮೇಲೂ ಚೆಲ್ಲಿತು. ಆಗ ಬಟ್ಟೆಗಳ ನಡುವಿನಿಂದ ದರ್ಜಿಯಮ್ಮನ ಕೆಂಡದಂತೆ ಸುಡುವ ಕೈ ಮೇಲೆದ್ದು, ಮಗಳ ಮಣಿಕಟ್ಟನ್ನು ನಡುಗದಂತೆ ಹಿಡಿದುಕೊಂಡಿತು.