ಶನಿವಾರದ ಊಟ

ಸಮ್ಸುರಿ ಅಣ್ಣ ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮೂರಲ್ಲಿ ಈಗ ಯಾರೂ ಹಾಗೆ ಹೇಳುವುದಿಲ್ಲ.

ಅವನು ಕೆಳಗಿನ ತಾಪಾ ಪೇಟೆಯ ಮಲಯ್ ಮನುಷ್ಯ. ಸೊಳ್ಳೆ ಔಷಧಿ ಹೊಡೆಯುವವರ ಜೀಪು ಓಡಿಸಿಕೊಂಡು ನಮ್ಮ ಸೆಮಾಯ್ ಬುಡಕಟ್ಟಿನ ಜನರ ಗುಡ್ಡಕ್ಕೆ ಬಂದಿದ್ದ. ಅಪ್ಪ ಅವನಿಗೆ ಮರಗೆಣಸು, ಬಿದಿರಿನಲ್ಲಿ ಬೇಯಿಸಿದ ಮೀನು ಬಡಿಸಿದ. ಬೆರಳು ನೆಕ್ಕಿಕೊಂಡು ತಿಂದವನು ಜೀಪು ಹತ್ತುವಾಗ ಕೂಗಿದ.

"ಲೋನೆಕ್ ಅಣ್ಣಾ, ಬರೋ ಶನಿವಾರ ನಮ್ಮನೇಲಿ ಊಟ! ನನ್ನ ಹೆಂಡ್ತಿ ಮಾಡೋ ರೆಂದಾಂಗ್ ಮಾಂಸ ತಿಂದ್ರೆ ಈ ಗೆಣಸು ಮರ್ತೇ ಹೋಗ್ತೀಯ. ನಾನೇ ಬಂದು ಕರ್ಕೊಂಡ್ ಹೋಗ್ತೀನಿ."

ಶನಿವಾರ ಅಪ್ಪ ಇದ್ದೊಂದು ಬಿಳಿ ಅಂಗಿ ತೊಟ್ಟು ಮೆಟ್ಟಿಲ ಮೇಲೆ ಕೂತ. ಕತ್ತಲಾಯಿತು. ಜೀಪು ಬರಲಿಲ್ಲ.

ಅಮ್ಮ ಅಪ್ಪನ ಮಚ್ಚನ್ನು ತೆಗೆದು ಒಲೆಯ ಹಿಂದೆ ಬಚ್ಚಿಟ್ಟಳು. ನಮ್ಮಲ್ಲಿ ಹಾಗೆಯೇ. ಕೊಡುತ್ತೇನೆ ಎಂದವನು ಕೊಡದೆ ಹೋದರೆ, ಆಸೆಪಟ್ಟು ಕಾದವನಿಗೆ ಪುನನ್ ಎಂಬ ದೋಷ ತಗಲುತ್ತದೆ. ಆಮೇಲೆ ಹಾವು ಅವನನ್ನೇ ಹುಡುಕಿಕೊಂಡು ಬರುತ್ತದೆ, ಕೊಂಬೆ ಅವನ ಕಾಲಡಿಯೇ ಮುರಿಯುತ್ತದೆ. ಹೇಳಿದವನ ಕೈಯಿಂದಲೇ ಹೇಳಿದ್ದು ಬರಬೇಕು, ಅಲ್ಲಿಯ ತನಕ ಕಾಡಿಗೆ ಹೋಗಬಾರದು. ಅದಕ್ಕೇ ನಮ್ಮಲ್ಲಿ ಯಾರೂ ಬಾಯಿಮಾತಿಗೆ ಊಟಕ್ಕೆ ಕರೆಯುವುದಿಲ್ಲ.

ಹಾಸ್ಟೆಲಿನಿಂದ ರಜೆಗೆ ಬಂದಿದ್ದ ನಾನು ನೀರಿನ ಟ್ಯಾಂಕಿನ ಮೇಲೆ ಹತ್ತಿ, ಫೋನಿಗೆ ಸಿಗ್ನಲ್ ಹಿಡಿದು ಅವನಿಗೆ ಕರೆ ಮಾಡಿದೆ.

"ಅಯ್ಯಯ್ಯೋ, ಮರ್ತೇಬಿಟ್ಟೆ ತಂಗಿ! ಅಪ್ಪಂಗೆ ಬೇಜಾರಾಯ್ತಾ?"

"ಬೇಜಾರಲ್ಲಣ್ಣ, ಅಪಾಯ. ಒಂದ್ ತುತ್ತಾದ್ರೂ ತಂದ್ಕೊಡು. ಇವತ್ತೇ."

ಅವನು ಗಹಗಹಿಸಿ ನಕ್ಕ. "ನನ್ನ ಹೆಂಡ್ತಿ ಅಡುಗೆ ತಿಂದೋರಿಗೆ ಅಪಾಯ ಅಂತ ಗೊತ್ತಿತ್ತು, ತಿನ್ನದೋರಿಗೂ ಅಪಾಯಾನಾ? ಮುಂದಿನ ಶನಿವಾರ ಖಂಡಿತ ಬರ್ತೀನಿ. ಎರಡು ಪಾಲು ಬಡಿಸ್ತೀನಿ ಅಂತ ಹೇಳ್ಬಿಡು!"

ಅವನು ಹೇಳಿದ್ದನ್ನು ಕೂಗಿ ತಿಳಿಸಿದಾಗ ಕೆಳಗೆ ನಿಂತಿದ್ದ ಅಮ್ಮ ತಲೆ ಚಚ್ಚಿಕೊಂಡಳು. "ಇನ್ನೊಂದ್ಸಲ ಹೇಳ್ಬಿಟ್ನಾ? ಒಂದಿತ್ತು, ಎರಡಾಯ್ತಲ್ಲೇ!"

ಚಿಕ್ಕಮ್ಮ ಕೋಳಿ ಬೇಯಿಸಿ ತಂದು ಅಪ್ಪನ ಬಾಯಿಗೆ ಹಿಡಿದಳು. "ನಾನೇ ಸಮ್ಸುರಿ ಅಂದ್ಕೊಂಡು ತಿನ್ನು ಭಾವ."

"ಅವನಿಗೆ ಮೀಸೆ ಇದೆ ಕಣೇ," ಎಂದ ಅಪ್ಪ. ಎಲ್ಲರೂ ನಕ್ಕೆವು. ಆದರೂ ಮಚ್ಚು ಒಲೆಯ ಹಿಂದೆಯೇ ಉಳಿಯಿತು.

ಮುಂದಿನ ಶನಿವಾರ ಮತ್ತೆ ಬಿಳಿ ಅಂಗಿ, ಅದೇ ಮೆಟ್ಟಿಲು. ಅವತ್ತೂ ಜೀಪು ಬರಲಿಲ್ಲ. ಅಷ್ಟರಲ್ಲಿ ಕಾಡಿನ ಎತ್ತರದ ಮರಗಳಲ್ಲಿ ಪೆತಾಯ್ ಕಾಯಿ ಬಲಿತಿತ್ತು. ಊರವರೆಲ್ಲ ಹೊರೆಗಟ್ಟಲೆ ಕಿತ್ತು ತರುತ್ತಿದ್ದರು, ನಮಗೂ ಕೊಡುತ್ತಿದ್ದರು.

"ಎಲ್ರೂ ತಂದಿದ್ದನ್ನ ತಿಂತಾ ಎಷ್ಟು ದಿನ ಕೂರ್ಲಿ?" ಎಂದು ಅಪ್ಪ ಒಂದು ಬೆಳಿಗ್ಗೆ ಮಚ್ಚು ತೆಗೆದುಕೊಂಡ. "ಒಂದೇ ಮರ. ಹತ್ತಿ ಇಳಿದುಬಿಡ್ತೀನಿ."

ಅದು ಅವನು ಚಿಕ್ಕಂದಿನಿಂದ ಹತ್ತಿದ ಮರ. ಮಧ್ಯಾಹ್ನ ಅವನನ್ನು ಬಿದಿರಿಗೆ ಕಟ್ಟಿದ ಬಟ್ಟೆಯಲ್ಲಿ ಹೊತ್ತು ತಂದರು. ಮುರಿದ ಕೊಂಬೆ ಒಳಗೆಲ್ಲ ಹಸಿಯಾಗಿಯೇ ಇತ್ತಂತೆ.

ಮಣ್ಣು ಮಾಡಿದ ಮೇಲೆ ಸಮ್ಸುರಿ ಅಣ್ಣ ಬಂದ. ಕೈಯಲ್ಲಿ ರೆಂದಾಂಗ್ ತುಂಬಿದ ಕ್ಯಾರಿಯರ್. ಅಪ್ಪ ಕೂರುತ್ತಿದ್ದ ಮೆಟ್ಟಿಲ ಹತ್ತಿರ ನಿಂತು ನಿಜವಾಗಿ ಅತ್ತ.

"ಇಷ್ಟು ದೊಡ್ಡ ವಿಷ್ಯ ಅಂತ ಬಿಡಿಸಿ ಹೇಳ್ಬಾರ್ದಿತ್ತಾ ತಂಗಿ? ಓಡ್ಕೊಂಡು ಬರ್ತಿದ್ದೆ."

"ಅಪಾಯ ಅಂತ ಹೇಳಿದ್ನಲ್ಲಣ್ಣ."

"ಊಟ ಬೇಕು ಅನ್ನೋಕೆ ನೆಪ ಹೇಳ್ತಿದೀಯ ಅಂದ್ಕೊಂಡೆ."

ಅಮ್ಮ ಕ್ಯಾರಿಯರ್ ಮುಟ್ಟಲೂ ಇಲ್ಲ. ಹೊರಡುವಾಗ ಅವನು ಎದೆಯ ಮೇಲೆ ಕೈಯಿಟ್ಟುಕೊಂಡು ಅಮ್ಮನ ಕಡೆ ತಿರುಗಿದ.

"ಅಕ್ಕಾ, ಮುಂದಿನ ವಾರ ಬರ್ತೀನಿ. ಅಕ್ಕಿ ತರ್ತೀನಿ."

ನಾನು ಓಡಿಹೋಗಿ ಜೀಪಿನ ಬಾಗಿಲು ಹಿಡಿದುಕೊಂಡೆ. "ಬರಲ್ಲ ಅನ್ನು ಅಣ್ಣ!"

"ಏನು?"

"ಬರಲ್ಲ, ಏನೂ ತರಲ್ಲ ಅಂತ ಅಮ್ಮನ ಮುಖ ನೋಡಿ ಹೇಳು. ನಿನ್ನ ದಮ್ಮಯ್ಯ!"

ಕಪಾಳಕ್ಕೆ ಹೊಡೆಸಿಕೊಂಡವನಂತೆ ಅವನ ಮುಖ ಸಣ್ಣದಾಯಿತು. "ಅಷ್ಟು ದ್ವೇಷಾನಾ ತಂಗಿ ನನ್ನ ಮೇಲೆ?"

ನಾನು ಹೇಳಿದ್ದನ್ನು ಅವನು ಹೇಳಲಿಲ್ಲ. ಕಣ್ಣೊರೆಸಿಕೊಂಡು ಜೀಪು ತಿರುಗಿಸಿ ಗುಡ್ಡ ಇಳಿದುಹೋದ.

ಹಿಂದಿರುಗಿ ನೋಡಿದರೆ ಅಮ್ಮ ಅಪ್ಪನ ಮೆಟ್ಟಿಲ ಮೇಲೆ ಕೂತಿದ್ದಳು.

"ಯಾವ ದಿನ ಅಂದ?" ಎಂದು ಕೇಳಿದಳು.