ಮೀನಿನ ಪೆಟ್ಟಿಗೆಯೊಳಗಿನ ನಾಗ

ಮೀನು ಮಾರುವ ಹನೀಫಾನ ಮೇಲೆ ನನಗೆ ಎಂಟು ವರ್ಷಗಳ ಸಿಟ್ಟು. ವಾಮದಪದವಿನಲ್ಲಿ ಅಷ್ಟು ಮನೆಗಳಿದ್ದರೂ ಅವನು ಸ್ಕೂಟರ್ ನಿಲ್ಲಿಸಿ ಪೊಂಯ್ ಎಂದು ಹಾರ್ನ್ ಹಾಕುವುದು ನಮ್ಮ ಗೇಟಿನ ಎದುರಿಗೇ. ನಮ್ಮದು ಜೈನರ ಮನೆ, ಮೀನಿನ ವಾಸನೆಯೂ ಆಗದು. ಕೇಳಿದರೆ, "ನಿಮ್ಮ ಹಲಸಿನ ಮರದ ನೆರಳು ಉಂಟಲ್ಲಾ ತ್ರಿಶಲಾ ಟೀಚರೇ, ಬಿಸಿಲಿಗೆ ಐಸ್ ಕರಗ್ತದೆ" ಎನ್ನುತ್ತಾನೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳಿಗೆ ಅವನಿಂದ ಐಸಿನ ಪಾಠ!

ಕಳೆದ ಡಿಸೆಂಬರಿನ ಒಂದು ಶುಕ್ರವಾರ ಬೆಳಿಗ್ಗೆ ಹಾರ್ನಿನ ಹಿಂದೆಯೇ ಬೊಬ್ಬೆಯೂ ಕೇಳಿಸಿತು. ಓಡಿಹೋಗಿ ನೋಡಿದರೆ ಪೆಟ್ಟಿಗೆಯ ತಳದಲ್ಲಿ, ಐಸಿನಡಿ ಹಾಸಿದ ಗೋಣಿಯ ಮಡಿಕೆಯಲ್ಲಿ, ನಾಗರಹಾವೊಂದು ಸುರುಳಿ ಸುತ್ತಿ ಮರಗಟ್ಟಿತ್ತು. ರಾತ್ರಿಯ ಚಳಿಗೆ ಬೆಚ್ಚನೆಯ ಜಾಗ ಹುಡುಕಿ ಖಾಲಿ ಪೆಟ್ಟಿಗೆಗೆ ಹೊಕ್ಕಿರಬೇಕು. ಹನೀಫಾ ಗೋಣಿ ಬಿಡಿಸಿ ನೋಡದೆ ಅದರ ಮೇಲೆಯೇ ಐಸು, ಮೀನು ತುಂಬಿಸಿದ್ದ.

ನಮ್ಮ ಕಡೆ ಸತ್ತ ನಾಗ ಎಂದರೆ ಬರೀ ಸತ್ತ ಹಾವಲ್ಲ. ಮೊದಲು ಕಂಡವನು ಮನುಷ್ಯರಿಗೆ ಮಾಡುವಂತೆಯೇ ಅದಕ್ಕೆ ಸಂಸ್ಕಾರ ಮಾಡಿಸಬೇಕು, ಇಲ್ಲವಾದರೆ ದೋಷ. ಹಾಗಾಗಿ ಮೀನಿಗೆ ಬಂದಿದ್ದ ಏಳೆಂಟು ಮಂದಿ ಒಟ್ಟಿಗೇ ಆಕಾಶ ನೋಡತೊಡಗಿದರು.

"ನಾನಂತೂ ನೋಡ್ಲಿಲ್ಲ" ಎಂದ ಪಕ್ಕದ ಮನೆಯ ಲೋಕನಾಥ. ಅವನ ಕೈಯಲ್ಲಿ ಗೋಣಿಯ ತುದಿ ಇನ್ನೂ ಇತ್ತು. ತಳದ ಬಂಗುಡೆಯೇ ತಾಜಾ ಎಂದು ಕೆದಕಿ ಕೆದಕಿ ಆರಿಸುವುದು ಅವನ ಚಾಳಿ.

"ಗೋಣಿ ಎಳೆದದ್ದು ನೀವೇ ಅಲ್ವಾ ಲೋಕನಾಥಣ್ಣ?" ಎಂದು ಹನೀಫಾ ಕೇಳಿದ.

"ಎಳೆದದ್ದು ಹೌದು ಮಾರಾಯ. ಕಣ್ಣು ಮುಚ್ಚಿ ಎಳೆದೆ."

ಹನೀಫಾ ರಸ್ತೆಯ ಬದಿಯಲ್ಲೇ ಕುಕ್ಕರಿಸಿದ. "ಆಯ್ತು, ನಾನೇ ಮಾಡಿಸ್ತೇನೆ. ಆದ್ರೆ ನಾಗ ಸತ್ತ ಪೆಟ್ಟಿಗೆಯ ಮೀನನ್ನು ನಾಳೆಯಿಂದ ಯಾರು ತೆಗೊಳ್ತಾರೆ?"

ಒಬ್ಬೊಬ್ಬರೇ ಖಾಲಿ ಚೀಲ ಮಡಚಿ ಕಂಕುಳಿಗೆ ಸಿಕ್ಕಿಸಿಕೊಂಡರು. ಎಂಟು ವರ್ಷ ಅವನ ಕೈಯ ಮೀನು ತಿಂದವರು ಹೀಗೆ ಚೀಲ ಮಡಚಿದ್ದು ನೋಡಿ ನನಗೆ ಮೈಯೆಲ್ಲ ಉರಿಯಿತು.

"ಸತ್ತಿದೆ ಅಂತ ಹೇಳಿದ್ದು ಯಾರು?" ಎಂದೆ. "ಹಾವಿನ ಮೈಯೊಳಗೆ ನಮ್ಮ ಹಾಗೆ ಒಲೆ ಇಲ್ಲ. ಹೊರಗೆ ತಣ್ಣಗಾದ್ರೆ ಅದೂ ತಣ್ಣಗಾಗ್ತದೆ. ಎದೆಬಡಿತ ನಿಂತ ಹಾಗೇ ಕಾಣ್ತದೆ. ಬಿಸಿಲಿಗೆ ಇಟ್ಟು ನೋಡುವ."

"ಹಾಗಾದ್ರೆ ಈ ಬಂಗುಡೆಯನ್ನೂ ಬಿಸಿಲಿಗೆ ಇಡುವ ಅಲ್ವಾ ಟೀಚರ್?" ಎಂದು ಲೋಕನಾಥ ಹಲ್ಲು ಕಿರಿದ.

ಯಾರೋ ಫೋನ್ ಮಾಡಿ ಪುರೋಹಿತ ವೇಣುಗೋಪಾಲ ಭಟ್ಟರನ್ನು ಆಗಲೇ ಕರೆಸಿದ್ದರು. "ಹತ್ತೂವರೆಗೆ ರಾಹುಕಾಲ" ಎಂದರು ಭಟ್ಟರು. "ಅಷ್ಟರೊಳಗೆ ಚಿತೆಗೆ ಕೊಳ್ಳಿ ಇಡಬೇಕು. ಅಲ್ಲಿವರೆಗೆ ಕಾಯುವ ಟೀಚರ್. ಜೀವ ಇರುವುದನ್ನು ಸುಟ್ಟರೆ ಅದಕ್ಕಿಂತ ದೊಡ್ಡ ದೋಷ ಇಲ್ಲ."

ಹನೀಫಾ ಮೀನು, ಐಸು ತೆಗೆದಿಟ್ಟು, ಪೆಟ್ಟಿಗೆ ಹೊತ್ತು ತಂದು ನಮ್ಮ ಅಂಗಳದಲ್ಲಿ ಬಿಸಿಲಿಗೆ ಕಾದ ಕೆಂಪು ಮುರಕಲ್ಲಿನ ಕಟ್ಟೆಯ ಮೇಲೆ ಮೆಲ್ಲನೆ ಮಗುಚಿದ. ನಮ್ಮ ಗೇಟಿನೊಳಗೆ ಮೀನಿನ ಪೆಟ್ಟಿಗೆ ಬಂದದ್ದು ಅದೇ ಮೊದಲು. ಅಜ್ಜಿ ಇದ್ದಿದ್ದರೆ ಪೆಟ್ಟಿಗೆಯ ಜೊತೆ ನನ್ನನ್ನೂ ಹೊರಗೆ ಹಾಕುತ್ತಿದ್ದರು.

ಒಂಬತ್ತೂಮುಕ್ಕಾಲು ಆಯಿತು. ಹಾವು ಹಾಗೆಯೇ ಬಿದ್ದಿತ್ತು. ಹತ್ತೂ ಆಯಿತು. ನಿಜ ಹೇಳುತ್ತೇನೆ, ನನಗೆ ಹೆದರಿಕೆ ಶುರುವಾಯಿತು. ಶೀತರಕ್ತ ಪ್ರಾಣಿಗಳೆಂದರೇನು ಎಂಬುದು ನಮ್ಮಲ್ಲಿ ಎರಡು ಅಂಕದ ಪ್ರಶ್ನೆ. ಮೂವತ್ತು ವರ್ಷ ಅದಕ್ಕೆ ಅಂಕ ಕೊಟ್ಟಿದ್ದೆ, ಒಮ್ಮೆಯೂ ಕಣ್ಣಾರೆ ಕಂಡಿರಲಿಲ್ಲ. ಐಸು ಹೆಚ್ಚಾದರೆ ಹಾವು ನಿಜವಾಗಿಯೇ ಸಾಯುತ್ತದೆ ಎಂಬುದೂ ಅದೇ ಪಾಠದಲ್ಲಿತ್ತು. ಅದನ್ನು ನಾನು ಯಾರಿಗೂ ಹೇಳಲಿಲ್ಲ.

ಹತ್ತೂಕಾಲಿಗೆ ಭಟ್ಟರು ಕಟ್ಟಿಗೆ ಜೋಡಿಸಲು ಎದ್ದರು. "ಸಾಕು ಬಿಡಿ ಟೀಚರೇ, ನನ್ನ ಹಣೆಬರಹ" ಎಂದ ಹನೀಫಾ.

"ಸುಮ್ಮನೆ ಕೂತ್ಕೊ!" ಎಂದು ಗದರಿದೆ. ಕಣ್ಣಲ್ಲಿ ನೀರು ಬಂದಿತ್ತು, ಬಿಸಿಲಿಗೆ ಎಂದುಕೊಂಡರು ಎಲ್ಲರೂ.

ಆಗ ಬಾಲದ ತುದಿ ಅಲುಗಿತು. ಆಮೇಲೆ ನಾಲಗೆ ಹೊರಗೆ ಬಂತು. ಐದು ನಿಮಿಷದಲ್ಲಿ ಹೆಡೆಯೂ ಎದ್ದಿತು. ಏಳೆಂಟು ಮಂದಿಯೂ ಹಾರಿ ಕಂಪೌಂಡ್ ಗೋಡೆ ಹತ್ತಿದರು.

"ನಾನೇ ಮೊದಲು ನೋಡಿದ್ದು!" ಎಂದು ಲೋಕನಾಥ ಗೋಡೆಯ ಮೇಲಿಂದ ಕೂಗಿದ. "ಗೋಣಿ ಎಳೆಯುವಾಗಲೇ ನೋಡಿದ್ದೇನೆ ನಾನು!" ಉಳಿದವರು ಬಿಟ್ಟಾರೆಯೇ? ಮೊದಲು ಕಂಡ ಪುಣ್ಯ ಯಾರದೆಂದು ಅಲ್ಲಿಯೇ ಜಗಳ ಶುರುವಾಯಿತು. ಭಟ್ಟರು ಕೈಮುಗಿದು ನಿಂತರು. ಹಾವು ಮಾತ್ರ ಯಾರನ್ನೂ ಲೆಕ್ಕಿಸದೆ ಸೀದಾ ನಮ್ಮ ಬಚ್ಚಲ ಒಲೆಯ ಪಕ್ಕದ ಕಟ್ಟಿಗೆ ರಾಶಿಯೊಳಗೆ ನುಸುಳಿತು. ಬೆಚ್ಚಗಿನ ಜಾಗ ಹುಡುಕುತ್ತದೆ ಎಂದು ಪಾಠ ಮಾಡಿದವಳು ನಾನೇ, ಯಾರ ಮನೆಯಲ್ಲಿ ಎಂದು ಮಾತ್ರ ಯೋಚಿಸಿರಲಿಲ್ಲ. ಅದು ತಾನಾಗಿ ಹೊರಡುವವರೆಗೆ ಮೂರು ದಿನ ತಣ್ಣೀರು ಸ್ನಾನ ಮಾಡಿದೆ.

ಮರುದಿನ ಎಂಟು ಗಂಟೆಗೆ ಹಾರ್ನ್ ಕೇಳಿಸಲಿಲ್ಲ. ಹೊರಗೆ ಬಂದು ನೋಡಿದರೆ ಹನೀಫಾ ದೂರದ ಮೋರಿಯ ಹತ್ತಿರ ಬಿಸಿಲಲ್ಲಿ ಒಬ್ಬನೇ ನಿಂತಿದ್ದ. ಪೆಟ್ಟಿಗೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಗಿರಾಕಿಗಳು ಅವರವರ ಗೇಟಿನಲ್ಲೇ ನಿಂತು ಇಣುಕುತ್ತಿದ್ದರು.

"ಹನೀಫಾ, ಬಿಸಿಲಿಗೆ ಐಸ್ ಕರಗ್ತದೆ, ಗೊತ್ತಿಲ್ವಾ? ಬಾ ಇಲ್ಲಿಗೆ!"

ಬಂದ. "ಹಾರ್ನ್ ಹಾಕು" ಎಂದೆ.

"ಬೇಡ ಟೀಚರೇ, ನಿಮಗೆ ಆಗುವುದಿಲ್ಲ."

ನಾನೇ ಕೈಚಾಚಿ ಹಾರ್ನ್ ಒತ್ತಿ ಹಿಡಿದೆ. ಬೀದಿಯವರೆಲ್ಲ ಹೊರಗೆ ಬರುವವರೆಗೆ ಬಿಡಲಿಲ್ಲ. ಎಲ್ಲರಿಗಿಂತ ಮೊದಲು ಚೀಲ ಹಿಡಿದು ಬಂದವನು ಲೋಕನಾಥ. ಪೆಟ್ಟಿಗೆಯೊಳಗೆ ಒಮ್ಮೆ ಇಣುಕಿ, ಎರಡು ಹೆಜ್ಜೆ ಹಿಂದೆ ನಿಂತು ಹೇಳಿದ:

"ಒಂದು ಕಿಲೋ ಬಂಗುಡೆ. ಮೇಲಿನದ್ದೇ ಸಾಕು."