ಪುಸ್ತಕದಲ್ಲಿಲ್ಲದ ಹೆಂಗಸು

ಪ್ರತಿ ವರ್ಷ ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಕೊನೆಯ ವಾರ ನಮ್ಮ ಹಿತ್ತಲಿನ ತಂತಿಯ ಮೇಲೆ ಒಂದೇ ಒಂದು ಬಿಳಿಯ ವಸ್ತ್ರ ಒಣಗುತ್ತಿತ್ತು. ಅದು ಇರುವಷ್ಟು ಹೊತ್ತು ಪಕ್ಕದಲ್ಲಿ ಇನ್ನೊಂದು ಬಟ್ಟೆ ಹಾಕುವಂತಿರಲಿಲ್ಲ. ನನ್ನ ಗಂಡನ ಬನಿಯನ್, ಮಕ್ಕಳ ಚಡ್ಡಿ ಎಲ್ಲವೂ ಬೇಲಿಗೆ ಹೋಗಬೇಕು. ಮದುವೆಯಾಗಿ ಬಂದ ಮೊದಲ ವರ್ಷ ತಿಳಿಯದೆ ನಾನೊಂದು ಲಂಗ ಹರವಿದ್ದೆ. ಅತ್ತೆ ಇನ್ನಾಸಮ್ಮ ಒಂದು ಮಾತೂ ಆಡಲಿಲ್ಲ. ಲಂಗವನ್ನು ತೆಗೆದು ನನ್ನ ಹೆಗಲ ಮೇಲೆ ಹಾಕಿ ಒಳಗೆ ಹೋದರು. ಬೈದಿದ್ದರೆ ಎಂದೋ ಮರೆಯುತ್ತಿದ್ದೆ.

ಅದು ವೆರೋನಿಕಳ ವಸ್ತ್ರ. ಶುಭ ಶುಕ್ರವಾರದ ದಿನ ನಮ್ಮ ಊರಿನ ಕ್ರೈಸ್ತರು ನಾವು ಗುಡಿ ಎನ್ನುವ ಚರ್ಚಿನಿಂದ ಹೊರಟು ಬೀದಿಬೀದಿ ಹಾದು ಗುಡ್ಡದ ಶಿಲುಬೆಯವರೆಗೆ ನಡೆಯುತ್ತಿದ್ದರು. ಹರಕೆ ಹೊತ್ತವನೊಬ್ಬ ತಲೆಗೆ ಮುಳ್ಳಿನ ಕಿರೀಟವಿಟ್ಟುಕೊಂಡು ದೊಡ್ಡ ಮರದ ಶಿಲುಬೆಯನ್ನು ಹೊರುತ್ತಿದ್ದ. ದಾರಿಯಲ್ಲಿ ಹದಿನಾಲ್ಕು ಸ್ಥಳ. ಒಂದೊಂದರಲ್ಲೂ ಯೇಸುಸ್ವಾಮಿಯ ಪಾಡಿನ ಒಂದೊಂದು ಪ್ರಸಂಗ. ಇಲ್ಲಿ ಬಿದ್ದರು, ಇಲ್ಲಿ ತಾಯಿಯನ್ನು ಕಂಡರು, ಹೀಗೆ. ಗುರುಗಳು ಸ್ಥಳದ ಹೆಸರು ಕೂಗಿದ ಕೂಡಲೇ ಜನ ಮಂಡಿಯೂರಿ 'ನಿಮ್ಮನ್ನು ಆರಾಧಿಸಿ ಸ್ತುತಿಸುತ್ತೇವೆ' ಎನ್ನಬೇಕು. ಆರನೆಯ ಸ್ಥಳದಲ್ಲಿ ಗುಂಪಿನಿಂದ ಒಬ್ಬ ಹೆಂಗಸು ಹೊರಬಂದು, ಶಿಲುಬೆ ಹೊತ್ತವನ ಮುಖದ ಬೆವರನ್ನೂ ರಕ್ತವನ್ನೂ ಒರೆಸುತ್ತಾಳೆ. ಅವಳೇ ವೆರೋನಿಕ. ಅಂದು ಸ್ವಾಮಿಯ ಮುಖ ಒರೆಸಿದವಳು ಅವಳೇ ಎಂದು ನಂಬಿಕೆ. ನಮ್ಮ ಊರಿನಲ್ಲಿ ಆ ಪಾತ್ರ ನಮ್ಮ ಮನೆಯ ಹೆಂಗಸರದು. ಅತ್ತೆಯಿಂದ ಸೊಸೆಗೆ ಬರುತ್ತಿತ್ತು. ಅಂದರೆ ಬೇಕೋ ಬೇಡವೋ, ಮುಂದೊಂದು ದಿನ ನನಗೇ ಅಂಟಿಕೊಳ್ಳುವಂಥದ್ದು.

ವಸ್ತ್ರದ ಕೆಲಸ ಅಲ್ಲಿಗೆ ಮುಗಿಯುತ್ತಿರಲಿಲ್ಲ. ವರ್ಷವಿಡೀ ಅದು ಅತ್ತೆಯ ಪೆಟ್ಟಿಗೆಯಲ್ಲಿ ಇರುತ್ತಿತ್ತು. ಊರಿನಲ್ಲಿ ಯಾರಾದರೂ ಸಾಯುವ ಹೊತ್ತಿಗೆ ಬಂದರೆ ಅವರ ಮನೆಯಿಂದ ಹೇಳಿಕಳಿಸುತ್ತಿದ್ದರು. ಅತ್ತೆ ಕೈಕಾಲು ತೊಳೆದು ಹೋಗಿ, ಆ ವಸ್ತ್ರದಿಂದ ಅವರ ಮುಖ ಒರೆಸಿ, ಇದು ಸ್ವಾಮಿಯ ಮುಖ ಒರೆಸಿದವಳ ವಸ್ತ್ರ, ಹೆದರಬೇಡಿ ಎಂದು ಹೇಳಿ ಬರುತ್ತಿದ್ದರು. ನನ್ನ ಮಾವನ ಮುಖವನ್ನೂ ಹಾಗೆಯೇ ಒರೆಸಿದ್ದರಂತೆ.

ಸುಳ್ಳಿಗೆ ನಮ್ಮ ಅತ್ತೆಯ ನಾಲಿಗೆ ಹೊರಳುತ್ತಿರಲಿಲ್ಲ. ಗುಡಿಯ ಹಿಂದಿನ ಬೀದಿಯಲ್ಲಿ ಅವರದೊಂದು ಇಡ್ಲಿ ಅಂಗಡಿಯಿತ್ತು. ಹಿಟ್ಟು ಹುಳಿ ಬಂದ ದಿನ ಬಾಗಿಲಲ್ಲೇ ನಿಂತು, ಇವತ್ತು ಚೆನ್ನಾಗಿಲ್ಲ, ಬೇರೆ ಕಡೆ ಹೋಗಿ ಎನ್ನುತ್ತಿದ್ದರು. ನನ್ನನ್ನು ನೋಡಲು ಬಂದಾಗ ನನ್ನಪ್ಪನಿಗೆ ಅವರು ಹೇಳಿದ್ದು, ನನ್ನ ಮಗನಿಗೆ ಕೋಪ ಜಾಸ್ತಿ, ಕೆಲಸ ಕಡಿಮೆ, ಯೋಚನೆ ಮಾಡಿ ಕೊಡಿ ಎಂದು. ಇಷ್ಟು ನಿಜ ಹೇಳುವ ಮನೆಯಲ್ಲಿ ಮಗಳು ಸುಖವಾಗಿರುತ್ತಾಳೆ ಎಂದುಕೊಂಡು ಅಪ್ಪ ಒಪ್ಪಿಬಿಟ್ಟರು. ಅತ್ತೆ ಹೇಳಿದ ಎರಡೂ ಮಾತು ನಿಜವಾಗಿತ್ತು, ಅದು ಬೇರೆ ವಿಷಯ.

ಹೀಗಿರುವಾಗ ನಮ್ಮ ಗುಡಿಗೆ ಫಾದರ್ ದಯಾನಾಥ ಬಂದರು. ಎಳೆಯ ವಯಸ್ಸು, ಬೆತ್ತದಂಥ ಮೈ, ಬೈಬಲ್ಲನ್ನೇ ವರ್ಷಗಟ್ಟಲೆ ಓದಿ ಬಂದವರು. ಅವರನ್ನು ಯಾರಾದರೂ ಹಳಿದರೆ ನನಗೆ ಇವತ್ತಿಗೂ ಮೈಯೆಲ್ಲ ಉರಿಯುತ್ತದೆ. ಅವರು ಬರುವ ಮುಂಚೆ ನಮ್ಮ ಮನೆಗಳಲ್ಲಿ ಬೈಬಲ್ ಎಂದರೆ ಮಾತೆಯ ಪಟದ ಕೆಳಗೆ ಕೆಂಪು ಬಟ್ಟೆ ಸುತ್ತಿಟ್ಟ ಒಂದು ದಪ್ಪ ವಸ್ತು. ಹಬ್ಬಕ್ಕೊಮ್ಮೆ ಧೂಳು ಒರೆಸಿದರೆ ಭಕ್ತಿ ಮುಗಿಯಿತು. ಅದನ್ನು ಬಿಚ್ಚಿ ಓದಿಸಿದವರು ಅವರು. ಓದಿದ್ದನ್ನು ಬೀದಿಯ ಕಟ್ಟೆಯ ಮೇಲೆ ಕೂತು ಮಾತಾಡುವಂತೆ ಮಾಡಿದವರೂ ಅವರೇ.

ಆ ವರ್ಷ ತಪಸ್ಸುಕಾಲದಲ್ಲಿ ಫಾದರ್ ನಮಗೊಂದು ಕೆಲಸ ಕೊಟ್ಟರು. ಬೈಬಲ್ಲಿನಲ್ಲಿ ಸ್ವಾಮಿಯ ಕತೆ ಹೇಳುವ ನಾಲ್ಕೂ ಶುಭಸಂದೇಶಗಳಲ್ಲಿ ಅವರ ಪಾಡನ್ನು ಓದಿ, ನಾವು ನಡೆಯುವ ಹದಿನಾಲ್ಕು ಸ್ಥಳಗಳಲ್ಲಿ ಯಾವುದು ಪುಸ್ತಕದಲ್ಲಿದೆ, ಯಾವುದು ಇಲ್ಲ ಎಂದು ಹುಡುಕಿ ಬನ್ನಿ ಅಂದರು. ಮುಂದಿನ ಭಾನುವಾರ ಉತ್ತರವನ್ನು ತಾವೇ ಹೇಳಿದರು. ದಾರಿಯಲ್ಲಿ ಮೂರು ಸಲ ಬಿದ್ದದ್ದು ಪುಸ್ತಕದಲ್ಲಿಲ್ಲ. ಬೀದಿಯಲ್ಲಿ ತಾಯಿಯನ್ನು ಕಂಡದ್ದು ಇಲ್ಲ. ವೆರೋನಿಕ ಇಲ್ಲ. ಅಲ್ಲಿಗೇ ನಿಲ್ಲಿಸಲಿಲ್ಲ ಅವರು. ಪುಸ್ತಕ ಬರೆಯುವ ಮುಂಚೆಯೇ ಸ್ವಾಮಿಯ ಶಿಷ್ಯರಾದ ಪ್ರೇಷಿತರು ಸಾರುತ್ತಿದ್ದರು, ಪೂಜೆಯಲ್ಲಿ ರೊಟ್ಟಿ ಮುರಿಯುತ್ತಿದ್ದರು, ಸತ್ತವರಿಗಾಗಿ ಬೇಡುತ್ತಿದ್ದರು. ಗ್ರಂಥವೂ ಪರಂಪರೆಯೂ ಒಂದೇ ಊಟೆಯ ನೀರು ಎಂದು ಬಹಳ ಚೆನ್ನಾಗಿ ಹೇಳಿದರು. ಯಾರು ಕೇಳಬೇಕು? ಅರ್ಧ ಉಪದೇಶ ಕೇಳಿ ಪೂರ್ತಿ ತೀರ್ಪು ಕೊಡುವುದು ನಮ್ಮ ಊರಿನವರ ಹಳೆಯ ಚಾಳಿ. ಗುಡಿಯ ಬಾಗಿಲು ದಾಟುವಷ್ಟರಲ್ಲಿ, ವೆರೋನಿಕ ಸುಳ್ಳಂತೆ ಎಂಬ ಮಾತು ನಮ್ಮ ಮನೆಗಿಂತ ಮುಂದೆ ಹೋಗಿತ್ತು.

ಅತ್ತೆ ಯಾರಿಗೂ ಕಾಯದೆ ಮನೆಯ ಕಡೆ ನಡೆದರು. ಮನೆಗೆ ಬಂದವರೇ ಪುಸ್ತಕದ ಕೆಂಪು ಬಟ್ಟೆ ಬಿಚ್ಚಿ ನನ್ನ ಮುಂದೆ ಇಟ್ಟರು. ಅವರ ಕಣ್ಣಿಗೆ ಪೊರೆ ಬಂದು ಅಕ್ಷರ ಕಾಣುತ್ತಿರಲಿಲ್ಲ. ಮಧ್ಯಾಹ್ನದ ಹೊತ್ತು ಅವರು ಅಕ್ಕಿ ಆರಿಸುತ್ತಾ ಕೂತರೆ ನಾನು ಓದುತ್ತಿದ್ದೆ. ನಾಲ್ಕೂ ಮುಗಿಯಿತು. ವೆರೋನಿಕ ಎಲ್ಲೂ ಸಿಗಲಿಲ್ಲ. ಅವರಿಗೆ ಸಮಾಧಾನವಾಗಲಿ ಎಂದು, ನಾಲ್ಕನೆಯ ಶುಭಸಂದೇಶ ಬರೆದ ಯೊವಾನ್ನರು ಕೊನೆಯಲ್ಲಿ ಹೇಳುವ ಮಾತನ್ನು ಎತ್ತಿ ಓದಿದೆ. ಯೇಸು ಮಾಡಿದ್ದು ಇನ್ನೂ ಎಷ್ಟೋ ಇದೆ, ಎಲ್ಲ ಬರೆದರೆ ಪುಸ್ತಕಗಳನ್ನು ಇಡಲು ಲೋಕವೇ ಸಾಲದು ಎಂಬ ಮಾತು. ಬರೆಯದೆ ಬಿಟ್ಟದ್ದು ಇದೆ ಅಂದಮಾತ್ರಕ್ಕೆ ನಾವು ಬಾಯಿಗೆ ಬಂದದ್ದನ್ನೆಲ್ಲ ತುಂಬಿಸಬಹುದೇ ಎಂದು ಅತ್ತೆ ಕೇಳಿದರು. ನಾನು ಪುಸ್ತಕ ಮುಚ್ಚಿದೆ. ಅಂಥ ಅತ್ತೆಯ ಎದುರು ಪಂಡಿತಳಾಗಲು ಹೊರಟವಳು ನಾನು.

ಅತ್ತೆ ನೊಂದ ವಿಷಯ ತಿಳಿದು ಫಾದರ್ ಓಡಿಬಂದರು. ನನ್ನಿಂದ ತಪ್ಪಾಯಿತೇನಮ್ಮ ಎಂದು ಅವರು ಕೇಳುವ ಮುಂಚೆಯೇ ಅತ್ತೆ ಅವರನ್ನು ಬೆಂಚಿನ ಮೇಲೆ ಕೂರಿಸಿ, ಕಾಫಿ ಕೊಟ್ಟು, ಎದುರಿಗೆ ನಿಂತರು.

"ನಮ್ಮ ಯಜಮಾನರು ಸಾಯೋ ಹೊತ್ತಲ್ಲಿ ಬಲು ಹೆದರಿದ್ರು ಸ್ವಾಮಿ. ನನ್ನ ಕೈ ಬಿಡ್ತಾನೇ ಇರ್ಲಿಲ್ಲ. ಇದು ದೇವರ ಮುಖ ಒರೆಸಿದವಳ ವಸ್ತ್ರ, ಆಚೆ ದಡದಲ್ಲಿ ಆ ತಾಯಿ ನಿಂತಿರ್ತಾಳೆ, ಹೋಗಿ ಬನ್ನಿ ಅಂತ ಒರೆಸಿದೆ. ಅದನ್ನೇ ನಂಬಿ ಕೈ ಬಿಟ್ರು. ಅಂಥ ಹೆಂಗಸು ಇದ್ಲಾ ಇಲ್ವಾ, ಅದೊಂದು ಹೇಳಿ."

ಇನ್ನೊಬ್ಬರಾಗಿದ್ದರೆ ಇದ್ದಳು ತಾಯಿ, ಖಂಡಿತ ಇದ್ದಳು ಎಂದು ಹೇಳಿ ಲೋಟ ಖಾಲಿ ಮಾಡಿ ಹೋಗುತ್ತಿದ್ದರು. ಫಾದರ್ ದಯಾನಾಥರ ಮುಖ ಕೆಂಪಗಾಯಿತು. ಲೋಟವನ್ನು ಬೆಂಚಿನ ಮೇಲಿಟ್ಟರು.

"ನನಗೆ ಗೊತ್ತಿಲ್ಲಮ್ಮ," ಅಂದರು.

ಆ ಒಂದು ಮಾತಿಗೆ ನಾನು ಅವರಿಗೆ ಇವತ್ತಿಗೂ ಕೈ ಮುಗಿಯುತ್ತೇನೆ. ಆಮೇಲೆ ಅವರು ಬಿಡಿಸಿ ಹೇಳಿದರು. ಪ್ರೇಷಿತರು ಕೈಯಿಂದ ಕೈಗೆ ಕೊಟ್ಟ ನಂಬಿಕೆಯನ್ನು ಧರ್ಮಸಭೆ ಗ್ರಂಥದಷ್ಟೇ ಗೌರವದಿಂದ ಕಾಯುತ್ತದೆ. ಆದರೆ ಹಿರಿಯರು ಹೇಳಿದ್ದೆಲ್ಲವೂ ಆ ಪರಂಪರೆಯಲ್ಲ. ವೆರೋನಿಕ ಭಕ್ತರ ಪ್ರೀತಿಯಲ್ಲಿ ಬೆಳೆದ ಕತೆ. ನಂಬಲೇಬೇಕು ಎಂದಿಲ್ಲ, ನಂಬಬಾರದು ಎಂದೂ ಇಲ್ಲ. ಅತ್ತೆ ಪೂರ್ತಿ ಕೇಳಿಸಿಕೊಂಡರು. ನೀವು ನನಗೆ ಸುಳ್ಳು ಹೇಳಲಿಲ್ಲ, ಅಷ್ಟು ಸಾಕು ಎಂದರು. ಇದ್ದಳೋ ಇಲ್ಲವೋ ಗೊತ್ತಿಲ್ಲದವಳ ವೇಷ ಹಾಕಿ ಇನ್ನು ಊರ ಮುಂದೆ ನಿಲ್ಲಲಾರೆ ಎಂದೂ ಹೇಳಿದರು. ಇಬ್ಬರು ಸತ್ಯವಂತರು ಎದುರುಬದುರಾದರೆ ಹೀಗೇ. ಕಾಫಿ ಆರಿಹೋಯಿತು, ಮತ್ತೇನೂ ಬಗೆಹರಿಯಲಿಲ್ಲ.

ಅದೇ ವಾರ ಪಕ್ಕದ ಬೀದಿಯ ಟೈಲರನ ತಾಯಿಗೆ ಕೊನೆಗಾಲ ಬಂತು. ವಸ್ತ್ರಕ್ಕೆ ಹೇಳಿಕಳಿಸಿದರು. ಅತ್ತೆ ಬರಿಗೈಯಲ್ಲಿ ಹೋದರು, ನಾನೂ ಜೊತೆಗಿದ್ದೆ. ಜಪಸರ ಹಿಡಿದು ಪ್ರಾರ್ಥಿಸಿದರು, ಮುದುಕಿಯ ಅಂಗೈ ಉಜ್ಜಿದರು. ಆ ಮುದುಕಿಯ ಕಣ್ಣು ಮಾತ್ರ ಅತ್ತೆಯ ಕೈಯಲ್ಲಿ ವಸ್ತ್ರವನ್ನು ಹುಡುಕುತ್ತಲೇ ಇತ್ತು. ಮನೆಗೆ ಬಂದು ಅತ್ತೆ ಊಟ ಮಾಡಲಿಲ್ಲ. ಗಂಡನನ್ನು ಸುಳ್ಳು ಹೇಳಿ ಕಳಿಸಿದೆನಲ್ಲ ಎಂದು ಒಲೆಯ ಮುಂದೆ ಕೂತು ಅತ್ತರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ನನಗೆ ಆ ಹೊತ್ತಿನಲ್ಲಿ ಪುಸ್ತಕದ ಮೇಲೂ, ಸಂಪ್ರದಾಯದ ಮೇಲೂ, ಸತ್ತ ಮಾವನ ಮೇಲೂ ಸಿಟ್ಟು ಬಂತು.

ಕೊನೆಯ ವಾರ ಬಂದಾಗ ಹಿತ್ತಲಿನ ತಂತಿ ಬರಿದಾಗಿತ್ತು. ಈಗ ಧಾರಾಳವಾಗಿ ಏನು ಬೇಕಾದರೂ ಒಣಗಿಸಬಹುದಿತ್ತು. ಆದರೂ ನಾನು ಮಕ್ಕಳ ಬಟ್ಟೆಯನ್ನು ಬೇಲಿಯ ಮೇಲೆಯೇ ಹಾಕಿದೆ. ಯಾಕೆಂದು ಯಾರೂ ಕೇಳಲಿಲ್ಲ.

ವೆರೋನಿಕಳಾಗಲು ಊರಿನಲ್ಲಿ ಬೇರೆ ಯಾರೂ ಒಪ್ಪಲಿಲ್ಲ. ಇನ್ನಾಸಮ್ಮ ಬಿಟ್ಟದ್ದನ್ನು ಮುಟ್ಟುವ ಎದೆಗಾರಿಕೆ ಯಾರಿಗಿತ್ತು? ಫಾದರ್ ಯೋಚಿಸಿ, ಈ ಒಂದು ವರ್ಷ ಪುಸ್ತಕದಲ್ಲಿರುವ ಸ್ಥಳಗಳಲ್ಲಿ ಮಾತ್ರ ನಿಲ್ಲೋಣ ಎಂದು ಸಾರಿದರು. ಶಿಲುಬೆಯನ್ನು ತಾವೇ ಹೊರುವುದಾಗಿ ಹೇಳಿದರು. ಅತ್ತೆಯ ದುಃಖಕ್ಕೆ ಅದು ಅವರು ಹಾಕಿಕೊಂಡ ಪ್ರಾಯಶ್ಚಿತ್ತ ಎಂದು ನನ್ನ ಊಹೆ. ಅತ್ತೆಯೂ ಮೆರವಣಿಗೆಗೆ ಬಂದರು, ಹೆಂಗಸರ ಸಾಲಿನಲ್ಲಿ, ದಿನಬಳಕೆಯ ಸೀರೆಯಲ್ಲಿ.

ಬಿಸಿಲೆಂದರೆ ಬಿಸಿಲು. ಫಾದರ್ ಹಿಂದಿನ ದಿನದಿಂದ ಹನಿ ನೀರು ಮುಟ್ಟಿರಲಿಲ್ಲ. ಕಿರೀಟಕ್ಕೆ ನಿಜವಾದ ಜಾಲಿಮುಳ್ಳು. ಸಿರೇನಿನ ಸೀಮೋನ ಶಿಲುಬೆಗೆ ಹೆಗಲು ಕೊಟ್ಟದ್ದು ಪುಸ್ತಕದಲ್ಲಿ ಇರುವುದರಿಂದ ಬೇಕರಿಯ ಚೌರಪ್ಪ ಸೀಮೋನನಾಗಿ ಹಿಂದಿನ ತುದಿ ಹಿಡಿದಿದ್ದ. ಕುಂಬಾರಬೀದಿಯ ಏರಿನಲ್ಲಿ ಫಾದರ್ ಒಮ್ಮೆ ತೂರಾಡಿದರು. ಒಂದು ಮಂಡಿ ನೆಲಕ್ಕೆ ತಾಗಿತು, ಮರುಗಳಿಗೆ ಮೈಯೇ ನೆಲಕ್ಕೆ ಬಿತ್ತು. ಶಿಲುಬೆ ಭುಜದ ಮೇಲೆ ಒರಗಿತು, ಕಿರೀಟ ಹುಬ್ಬಿನವರೆಗೆ ಇಳಿದು ರಕ್ತ ಕಣ್ಣಿಗೆ ಹರಿಯಿತು.

ಆಗ ನಮ್ಮ ಜನ ಮಾಡಿದ್ದನ್ನು ನೆನೆಸಿಕೊಂಡರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ಕೊನೆಗೂ ಫಾದರ್ ಮನಸ್ಸು ಕರಗಿ ಬೀಳುವ ಸ್ಥಳವನ್ನು ಸೇರಿಸಿಬಿಟ್ಟರು ಎಂದುಕೊಂಡು ಇಡೀ ಬೀದಿ ತೃಪ್ತಿಯಿಂದ ಮಂಡಿಯೂರಿತು. 'ನಿಮ್ಮನ್ನು ಆರಾಧಿಸಿ ಸ್ತುತಿಸುತ್ತೇವೆ' ಎಂದು ಒಂದೇ ಕಂಠದಲ್ಲಿ ಕೂಗಿತು. ಎಷ್ಟು ಚೆನ್ನಾಗಿ ಬಿದ್ದರು ನೋಡು ಎಂದು ಪಕ್ಕದವಳು ನನ್ನ ಕಿವಿಯಲ್ಲಿ ಹೇಳಿ ಕಣ್ಣೊರೆಸಿಕೊಂಡಳು. ಶಿಲುಬೆಯ ಬಾಲ ಹಿಡಿದ ಚೌರಪ್ಪ, ಕೈ ಬಿಟ್ಟರೆ ಮರ ಫಾದರ್ ಮೇಲೆ ಬೀಳುತ್ತದೆಂದು ಬಿಡಲಾರದೆ, ನಿಜವಾಗಿ ಬಿದ್ದಿದ್ದಾರೆ ಎಂದು ಅರಚಿಕೊಳ್ಳುತ್ತಿದ್ದ. ಅವನ ಮಾತು ಪ್ರಾರ್ಥನೆಯಲ್ಲಿ ಮುಳುಗಿಹೋಯಿತು. ನಾನೂ ಮಂಡಿಯೂರಿದ್ದೆ.

ಅಷ್ಟು ಜನರಲ್ಲಿ ನಿಂತಿದ್ದವರು ಅತ್ತೆ ಒಬ್ಬರೇ. ಪುಸ್ತಕದಲ್ಲಿ ಬೀಳುವುದು ಇಲ್ಲ ಎಂದು ಫಾದರ್ ಹೇಳಿದ್ದರು, ಇಲ್ಲದ್ದನ್ನು ಮಾಡುವುದಿಲ್ಲ ಎಂದೂ ಹೇಳಿದ್ದರು. ಆ ಮಾತನ್ನು ಪೂರ್ತಿ ನಂಬಿದ್ದವರು ಊರಿಗೆಲ್ಲ ಇವರೊಬ್ಬರೇ. ಹಾಗಾಗಿ ಇದು ವೇಷವಲ್ಲ ಎಂದು ಅವರಿಗೆ ಮಾತ್ರ ಗೊತ್ತಾಯಿತು. ಮಂಡಿಯೂರಿದವರ ನಡುವೆ ದಾರಿ ಬಿಡಿಸಿಕೊಂಡು, ಒಬ್ಬಿಬ್ಬರ ಕೈ ತುಳಿದುಕೊಂಡು ಮುಂದೆ ಹೋದರು. ಚೌರಪ್ಪನಿಗೆ ಮರ ಎತ್ತಿ ಹಿಡಿ ಎಂದು ಗದರಿದರು. ಮುಳ್ಳಿನ ಕಿರೀಟ ಬಿಡಿಸಿ ಪಕ್ಕಕ್ಕಿಟ್ಟರು. ಕುಂಬಾರರ ಮನೆಯ ಜಗುಲಿಯ ಗಡಿಗೆಯಿಂದ ಸೆರಗನ್ನು ಒದ್ದೆ ಮಾಡಿಕೊಂಡು, ಫಾದರ್ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಮಗುವಿನ ಮುಖ ಒರೆಸುವ ಹಾಗೆ ಹಣೆ, ಕಣ್ಣು, ಬಾಯಿ ಒರೆಸಿದರು.

ಅಷ್ಟರಲ್ಲಿ ನಾನೂ ಹತ್ತಿರ ಓಡಿದ್ದೆ. ಫಾದರ್ ಕಣ್ಣು ಬಿಟ್ಟು ಅವರನ್ನು ಗುರುತಿಸಿದರು.

"ನೀವು ಬರಲ್ಲ ಅಂದಿದ್ರಲ್ಲಮ್ಮ," ಅಂದರು.

ಅತ್ತೆಯ ಕೈ ಅಲ್ಲೇ ನಿಂತಿತು. ತಮ್ಮ ಸೆರಗನ್ನು ತಾವೇ ಹೊಸದಾಗಿ ನೋಡಿದರು. ಅವರ ಮುಖ ಬದಲಾಗುವುದನ್ನು ನಾನು ನೋಡಿದೆ.

"ಹೆಂಗಸ್ರು ಎದೆ ಬಡ್ಕೊಂಡು ಅಳ್ತಾ ಸ್ವಾಮಿಯ ಹಿಂದೆ ಹೋದ್ರು ಅಂತ ಪುಸ್ತಕದಲ್ಲೇ ಐತಲ್ಲ ಸ್ವಾಮಿ. ಲೂಕರು ಬರೆದವ್ರೆ. ಅಷ್ಟು ಹೆಂಗಸ್ರಲ್ಲಿ ಒಬ್ಬಳಿಗಾದ್ರೂ ಸೆರಗು ಇರ್ಲಿಲ್ವಾ?"

ಆ ವಾಕ್ಯವನ್ನು ಅವರಿಗೆ ಓದಿ ಹೇಳಿದವಳೇ ನಾನು. ನನಗೆ ಹೊಳೆದಿರಲಿಲ್ಲ. ಫಾದರಿಗೂ ಹೊಳೆದಿರಲಿಲ್ಲ ಎಂದು ಅವರ ಕಣ್ಣು ತುಂಬಿದ್ದು ನೋಡಿ ಗೊತ್ತಾಯಿತು. ಅತ್ತೆ ಅವರ ಉತ್ತರಕ್ಕೆ ಕಾಯುತ್ತಿರಲಿಲ್ಲ.

"ಒಬ್ಬಳು ಇದ್ದೇ ಇರ್ತಾಳೆ," ಅಂದರು. ಆಮೇಲೆ, ಯಾರಿಗೂ ಅಲ್ಲದ ದನಿಯಲ್ಲಿ, "ಹಂಗಾದ್ರೆ ನಾನು ನಮ್ಮ ಯಜಮಾನರಿಗೆ ಸುಳ್ಳು ಹೇಳಿ ಕಳಿಸ್ಲಿಲ್ಲ," ಅಂದರು.

ಫಾದರ್ ಅತ್ತೆಯ ಹೆಗಲು ಹಿಡಿದು ಎದ್ದರು. ದನಿ ಒಡೆದಿತ್ತು. ಆದರೂ ಬೀದಿಯ ಕೊನೆಯವರೆಗೆ ಕೇಳುವ ಹಾಗೆ, ಆರನೆಯ ಸ್ಥಳ ಎಂದು ಕೂಗಿದರು. ಜನ ಮುಖ ಮುಖ ನೋಡಿಕೊಂಡರು. ಎಲ್ಲರೂ ಆಗಲೇ ಮಂಡಿಯ ಮೇಲೆ ಇದ್ದರು, ಇನ್ನು ಊರುವುದೇನು? ಮುಂದಿನ ಸಾಲಿನಲ್ಲಿ ಟೈಲರ್ ಎದ್ದು ನಿಂತ. ಅವನನ್ನು ನೋಡಿ ಪಕ್ಕದವರು ಎದ್ದರು, ಅವರ ಹಿಂದಿನವರು ಎದ್ದರು. ಇಡೀ ಬೀದಿ ಎದ್ದು ನಿಂತು, ಅತ್ತೆಯ ಕಡೆಗೊಮ್ಮೆ ನೋಡಿ, ಮತ್ತೆ ಮಂಡಿಯೂರಿತು.